ಪೆನ್ನಿನ ಗೆರೆಯೊಳಗಿನ ಗಂಧೆ

ಕಳೆದ ಡಿಸೆಂಬರಿನಲ್ಲಿ ಆರು ವರ್ಷದ ನಮ್ಮ ಮಗನಿಗೆ ಮೂರು ದಿನ ನೆಗಡಿ, ಕೆಮ್ಮು, ಜ್ವರ ಬಿಡದೆ ಕಾಡಿದ್ದವು. ನಾಲ್ಕನೆಯ ದಿನ ಜ್ವರ ಇಳಿಯಿತೆಂದು ಸಮಾಧಾನಪಡುವಷ್ಟರಲ್ಲಿ ಅವನ ಹೊಟ್ಟೆ, ತೊಡೆಗಳ ಮೇಲೆ ಸೊಳ್ಳೆ ಕಚ್ಚಿದಂತಹ ದದ್ದುಗಳು ಎದ್ದು, ಮಧ್ಯಾಹ್ನದ ಹೊತ್ತಿಗೆ ಒಂದಕ್ಕೊಂದು ಕೂಡಿಕೊಂಡು, ನಡುವೆ ಬಿಳಿಚಿ, ಅಂಚು ಕೆಂಪೇರಿ, ಅಂಗೈಯಗಲಕ್ಕೆ ಹರಡಿದವು.

"ಇದು ಪಿತ್ತದ ಗಂಧೆ ಕಣಮ್ಮ, ನಿನ್ನೆಯ ಬದನೆಕಾಯಿ ನಂಜಾಗಿದೆ" ಎಂದ ನಮ್ಮತ್ತೆ ಚಳ್ಳಕೆರೆಯ ಕರಿ ಕಂಬಳಿ ತೆಗೆದು ಅವನ ಮೈ ಉಜ್ಜತೊಡಗಿದರು. ನನಗಿದ್ದ ಅಳುಕೇ ಬೇರೆ. ಚೀಟಿಯಿಲ್ಲದೆ ಔಷಧಿ ಅಂಗಡಿಯವರು ಕೊಟ್ಟ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಸಿರಪ್ಪನ್ನು ಹಿಂದಿನ ದಿನ ಎರಡು ಸಲ ಕುಡಿಸಿದ್ದೆ.

ಚಿತ್ರದುರ್ಗದ ನಮ್ಮ ಮಕ್ಕಳ ವೈದ್ಯೆ ದದ್ದಿಗಿಂತ ಮೊದಲು ಅವನ ತುಟಿ, ಬಾಯಿಯ ಒಳಭಾಗ, ಕಣ್ಣುಗಳನ್ನು ನೋಡಿ, ಉಸಿರಾಟ ಆಲಿಸಿದರು. ತುಟಿ ಊದಿದರೆ, ಉಸಿರು ಕಟ್ಟಿದರೆ, ಬಾಯಲ್ಲಿ ಹುಣ್ಣೆದ್ದರೆ ಅರ್ಧ ರಾತ್ರಿಯಾದರೂ ಕರೆತರಬೇಕೆಂದರು. ತಾಯಿ ಕಾರ್ಡ್ ತಿರುವಿ, ದಡಾರ-ರುಬೆಲ್ಲಾ ಲಸಿಕೆಯ ಎರಡೂ ಡೋಸ್ ಆಗಿರುವುದನ್ನು ಖಚಿತಪಡಿಸಿಕೊಂಡರು; ದಡಾರದ ದದ್ದು ಕಿವಿಯ ಹಿಂದೆ, ಮುಖದಲ್ಲಿ ಶುರುವಾಗಿ ಕೆಳಗಿಳಿಯುತ್ತದೆ, ಹೀಗೆ ಜಾಗ ಬದಲಿಸುವುದಿಲ್ಲ ಎಂದು ವಿವರಿಸಿದರು. ಆಮೇಲೆ ಗಾಜಿನ ಲೋಟವನ್ನು ದದ್ದಿನ ಮೇಲೆ ಒತ್ತಿ ಹಿಡಿದರು. ಗಾಜಿನಡಿ ಕೆಂಪು ಮಾಯವಾಯಿತು. ಚರ್ಮದೊಳಗೆ ರಕ್ತ ಸೋರಿದ್ದರೆ ಬಣ್ಣ ಹಾಗೆಯೇ ಉಳಿಯುತ್ತಿತ್ತಂತೆ. ಕೊನೆಗೆ ತೊಡೆಯ ಮೇಲಿನ ಒಂದು ದದ್ದಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ "ಸಂಜೆ 5" ಎಂದು ಬರೆದರು.

ಮಕ್ಕಳಲ್ಲಿ ದಿಢೀರನೆ ಏಳುವ ಗಂಧೆಗೆ ಇಂತಹ ವೈರಸ್ ಸೋಂಕೇ ಬಹಳ ಸಲ ಕಾರಣವೆಂದೂ, ಸೋಂಕಿನ ವಿರುದ್ಧ ದೇಹ ಕೆರಳಿದಾಗ ಚರ್ಮದ ಕೆಲವು ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುವುದರಿಂದ ಸಣ್ಣ ರಕ್ತನಾಳಗಳು ಹಿಗ್ಗಿ, ನೀರು ಜಿನುಗಿ, ಮೈ ಉಬ್ಬಿ ತುರಿಸುತ್ತದೆಂದೂ ಅವರು ಹೇಳಿದಾಗ, ಜ್ವರ ಬಿಟ್ಟ ಮೇಲೆ ದದ್ದು ಎದ್ದದ್ದೇಕೆಂಬ ನನ್ನ ಗೊಂದಲ ಕರಗಿತು. ಉಜ್ಜಿದರೆ, ಬೆಚ್ಚಗೆ ಹೊದಿಸಿದರೆ ತುರಿಕೆ ಕೆರಳುತ್ತದೆ ಎಂದು ಕೇಳಿದ ಅತ್ತೆ ಮರುಮಾತಾಡದೆ ಕಂಬಳಿ ಮಡಿಸಿಟ್ಟರು. ಮೊಮ್ಮಗನ ಮೇಲಿನ ಅಕ್ಕರೆಯಿಂದಲೇ ಅದನ್ನು ತೆಗೆದಿದ್ದರೆಂಬುದು ನನಗೆ ಗೊತ್ತು.

ವೈರಸ್ ಜ್ವರಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲವೆಂದು ಸಿರಪ್ ನಿಲ್ಲಿಸಿ, ಹಿಸ್ಟಮಿನ್ ತಡೆದು ತುರಿಕೆ ತಗ್ಗಿಸುವ ಸೆಟಿರಿಜಿನ್ ಬರೆದರು. ಮರುದಿನ ಬೆಳಗ್ಗೆ ಗೆರೆಯೊಳಗೆ ಏನೂ ಇರಲಿಲ್ಲ, ಚರ್ಮ ನುಣುಪಾಗಿತ್ತು. ಬೆನ್ನ ಮೇಲೆ ಹೊಸವು ಎದ್ದಿದ್ದವು. ಒಂದೊಂದು ದದ್ದೂ 24 ಗಂಟೆಯೊಳಗೆ ಹೀಗೆ ಅಡಗುವುದೇ ಗಂಧೆಯ ಗುರುತು. ಆರು ದಿನಕ್ಕೆ ಎಲ್ಲವೂ ನಿಂತವು.

"ಅಮಾಕ್ಸಿಸಿಲಿನ್ ಅಲರ್ಜಿ ಎಂದು ಬರೆದುಕೊಡಿ ಮೇಡಂ" ಎಂದು ಅಂದು ನಾನೇ ಕೇಳಿದ್ದೆ. ಅವರು ಒಪ್ಪಲಿಲ್ಲ. ಖಚಿತವಾಗದೆ ಹಾಗೆ ಬರೆದರೆ, ಮುಂದೆ ನಿಜವಾಗಿ ಬೇಕಾದಾಗ ಒಳ್ಳೆಯ ಔಷಧಿಯೊಂದು ಈ ಮಗುವಿಗೆ ತಪ್ಪಿಹೋಗುತ್ತದೆ ಎಂದು, ಫೈಲಿನಲ್ಲಿ "ಪರೀಕ್ಷಿಸಬೇಕು" ಎಂದಷ್ಟೇ ಗುರುತು ಹಾಕಿದರು. ಮಾರ್ಚ್‌ನಲ್ಲಿ ಆಸ್ಪತ್ರೆಯಲ್ಲಿ ಕೂರಿಸಿಕೊಂಡು, ಅದೇ ಔಷಧಿಯನ್ನು ಮೊದಲು ಸ್ವಲ್ಪ, ಆಮೇಲೆ ಪೂರ್ತಿ ಕೊಟ್ಟು ಕಾದರು. ಮೈಮೇಲೆ ಒಂದು ದದ್ದೂ ಏಳಲಿಲ್ಲ. ವೈದ್ಯೆ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದು, ತಾರೀಕು ಹಾಕಿ, ಫೈಲನ್ನು ನನ್ನ ಕೈಗೆ ಕೊಟ್ಟರು.