ಎರಡು ವರ್ಷದ ಕಾಲೇಜಿನ ಹುಡುಗರು, ಹಚಿನ್ಸನ್ ಊರಿನವರು

ವಿಚಿಟಾದಿಂದ ಕೆ-96 ಹೆದ್ದಾರಿ ಹಿಡಿದು ಒಂದು ಗಂಟೆ ಕಾರು ಓಡಿಸಿದರೆ ಹಚಿನ್ಸನ್ ಸಿಗುತ್ತದೆ. ಕ್ಯಾನ್ಸಸ್ ರಾಜ್ಯದ ನಡುವಿನ ಊರು, ಸುಮಾರು 40 ಸಾವಿರ ಜನ. ಸುತ್ತ ಗೋಧಿ ಹೊಲ, ದೂರದಿಂದಲೇ ಕಾಣುವ ಬಿಳಿ ಧಾನ್ಯದ ಕಣಜಗಳು. 1887ರಲ್ಲಿ ಎಣ್ಣೆ ಹುಡುಕಿಕೊಂಡು ಕೊರೆದವರಿಗೆ ಇಲ್ಲಿ ಉಪ್ಪು ಸಿಕ್ಕಿತು. ಆ ಉಪ್ಪಿನ ಗಣಿ ಇವತ್ತಿಗೂ ಊರಿನ ಅಡಿಯಲ್ಲಿದೆ. ಬೇರೆ ತಿಂಗಳಲ್ಲಿ ಬಂದವರು ಗಣಿ ನೋಡುತ್ತಾರೆ, ಇಲ್ಲವೇ ಅಪೊಲೊ 13ರ ನೌಕೆ ಇಟ್ಟಿರುವ ಕಾಸ್ಮೋಸ್ಫಿಯರ್ ನೋಡುತ್ತಾರೆ. ಮಾರ್ಚ್‌ನಲ್ಲಿ ಬರುವವರು ಬಾಸ್ಕೆಟ್‌ಬಾಲ್‌ಗೆ ಬರುತ್ತಾರೆ.

ನಾನು ವಿಚಿಟಾಗೆ ಬಂದಿದ್ದು ವಿಮಾನದ ಬಿಡಿಭಾಗ ಮಾಡುವ ಕಡೆ ಕೆಲಸಕ್ಕೆ. ಓದಿದ್ದು ಮೈಸೂರಲ್ಲಿ. ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್, ಅಂದರೆ ಚೆಂಡು ನಡೆಸಿಕೊಂಡು ಹೋಗುವವನು ಆಗಿದ್ದೆ, ಸಿಮೆಂಟ್ ಕೋರ್ಟಿನಲ್ಲಿ ಮೊಣಕಾಲು ಕೆತ್ತಿಸಿಕೊಂಡು ಆಡಿದವನು. ಆಟ ಬಿಟ್ಟು ಬಹಳ ವರ್ಷವಾಯಿತು. ಆದರೂ ಎಲ್ಲಾದರೂ ಚೆಂಡು ನೆಲಕ್ಕೆ ಬಡಿಯುವ ಸದ್ದು ಕೇಳಿದರೆ ಕಾಲು ಅತ್ತ ಎಳೆಯುತ್ತದೆ. ಆಫೀಸಿನ ಗೆಳೆಯನೊಬ್ಬ ಹಚಿನ್ಸನ್‌ನಲ್ಲೇ ಹುಟ್ಟಿ ಬೆಳೆದವನು. "ಒಂದು ದಿನ ರಜೆ ಹಾಕು, ಜೂಕೋ ಟೂರ್ನಮೆಂಟ್ ತೋರಿಸ್ತೀನಿ" ಅಂದ. ಜೂಕೋ ಅಂದರೆ ಎರಡು ವರ್ಷದ ಕಾಲೇಜು. ಮೊದಲು ಜೂನಿಯರ್ ಕಾಲೇಜು ಅನ್ನುತ್ತಿದ್ದರು, ಈಗ ಕಮ್ಯುನಿಟಿ ಕಾಲೇಜು ಅನ್ನುತ್ತಾರೆ. ಆಟದವರ ಬಾಯಲ್ಲಿ ಮಾತ್ರ ಇನ್ನೂ ಜೂಕೋನೇ.

ಹಚಿನ್ಸನ್‌ನ ಸ್ಪೋರ್ಟ್ಸ್ ಅರೀನಾ ಕ್ರೀಡಾಂಗಣದ ಒಳಗೆ ಹೋದಾಗ ಬೆಳಗಿನ ಆಟ ಶುರುವಾಗಿತ್ತು. ಫ್ಲಾರಿಡಾದ ಒಂದು ಕಾಲೇಜು, ಟೆಕ್ಸಸ್‌ನ ಒಂದು ಕಾಲೇಜು. ಕೆಲಸದ ದಿನ, ಇನ್ನೂ ಮಧ್ಯಾಹ್ನವೂ ಆಗಿಲ್ಲ. ಎರಡೂ ತಂಡ ಹೊರಗಿನವು. ಆ ವರ್ಷ ಹಚಿನ್ಸನ್ ಕಾಲೇಜಿನ ಬ್ಲೂ ಡ್ರ್ಯಾಗನ್ಸ್ ತಂಡ ಅರ್ಹತೆಯನ್ನೇ ಪಡೆದಿರಲಿಲ್ಲ. ಹಾಗಿದ್ದೂ ಅಷ್ಟೊಂದು ಜನ! ಕೈಯಲ್ಲಿ ಪೆನ್ಸಿಲ್, ತೊಡೆಯ ಮೇಲೆ ಅಂಕ ಬರೆಯುವ ಹಾಳೆ. ಅರ್ಧ ಗಂಟೆಯಲ್ಲಿ ಅವರೆಲ್ಲ ಸೋಲುತ್ತಿದ್ದ ತಂಡವನ್ನು ತಮ್ಮದು ಮಾಡಿಕೊಂಡು ಕೂಗುತ್ತಿದ್ದರು. ನಮ್ಮೂರ ಜಾತ್ರೆಯಲ್ಲಿ ಎಲ್ಲಿಂದಲೋ ಬಂದ ಪೈಲ್ವಾನನ ಪರ ಊರವರು ಶಿಳ್ಳೆ ಹೊಡೆದ ಹಾಗೆ.

ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಬರುತ್ತಿದ್ದರಂತೆ. ಆಗಿನಿಂದ ಆ ಸೀಟು ಮನೆತನದಲ್ಲೇ ಇದೆ. ನಾನು ಹೊಸಬ ಅಂತ ಗೊತ್ತಾದ ಮೇಲೆ ಆಟದ ನಡುವೆ ಒಂದೊಂದೇ ಕತೆ ಹೇಳಿದರು. ಮನೆಗೆ ಬಂದ ಮೇಲೆ ನಾನೂ ಹುಡುಕಿ ಓದಿದೆ. ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹಚಿನ್ಸನ್ ಜೂನಿಯರ್ ಕಾಲೇಜು ಶುರುವಾಗಿದ್ದು 1928ರಲ್ಲಿ. ಹೈಸ್ಕೂಲ್ ಮುಗಿಸಿದ ರೈತರ ಮಕ್ಕಳು, ಗಣಿಯವರ ಮಕ್ಕಳು ದೂರದ ವಿಶ್ವವಿದ್ಯಾಲಯಕ್ಕೆ ಹೋಗಲು ಆಗದಿದ್ದರೆ ಮನೆಯಿಂದಲೇ ಎರಡು ವರ್ಷ ಓದಲಿ ಅಂತ. ಇಂಥ ಕಾಲೇಜುಗಳನ್ನು ಆಟದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. 1937ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಜೂನಿಯರ್ ಕಾಲೇಜುಗಳು ತಮ್ಮ ಓಟಗಾರರನ್ನೂ ರಾಷ್ಟ್ರೀಯ ಕೂಟಕ್ಕೆ ಸೇರಿಸಿಕೊಳ್ಳಿ ಅಂತ ನಾಲ್ಕು ವರ್ಷದ ಕಾಲೇಜುಗಳ ಆಟ ನಡೆಸುವ ಎನ್‌ಸಿಎಎ ಸಂಸ್ಥೆಯನ್ನು ಕೇಳಿದವು. ಆಗಲ್ಲ ಅಂದರು. ಸರಿ, ನಮ್ಮದೇ ಒಂದು ಮಾಡಿಕೊಳ್ಳೋಣ ಅಂತ ಫ್ರೆಸ್ನೋದಲ್ಲಿ ಸೇರಿದರು. 1938ರಲ್ಲಿ ಜೂನಿಯರ್ ಕಾಲೇಜುಗಳದೇ ಆಟದ ಸಂಸ್ಥೆ ಎನ್‌ಜೆಸಿಎಎ ಹುಟ್ಟಿತು. ಈ ಸಂಗತಿ ನನಗೆ ಬಹಳ ಹಿಡಿಸಿತು. ಬಾಗಿಲು ಹಾಕಿಸಿಕೊಂಡವರು ಕಟ್ಟಿದ ಮನೆ ಇದು.

ಬಾಸ್ಕೆಟ್‌ಬಾಲ್‌ನ ಮೊದಲ ರಾಷ್ಟ್ರೀಯ ಟೂರ್ನಮೆಂಟ್ 1948ರಲ್ಲಿ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಡೆಯಿತು. ಮರುವರ್ಷ ಹಚಿನ್ಸನ್‌ಗೆ ಬಂತು, ಮತ್ತೆ ಊರು ಬಿಟ್ಟು ಹೋಗಲೇ ಇಲ್ಲ. ನಡೆಸುವವರು ಅಮೆರಿಕನ್ ಲೀಜನ್‌ನ ಸ್ಥಳೀಯ ಘಟಕದವರು, ಅಂದರೆ ಯುದ್ಧದಿಂದ ವಾಪಸಾದ ಮಾಜಿ ಸೈನಿಕರ ಸಂಘ. ಎರಡನೇ ಮಹಾಯುದ್ಧ ಮುಗಿದು ನಾಲ್ಕೇ ವರ್ಷವಾಗಿತ್ತು. ಮೊದಲ ಕೆಲವು ವರ್ಷ ಊರಿನ ಸಭಾಭವನದಲ್ಲಿ ಆಡಿಸಿದರು. 1952ರಲ್ಲಿ ಸ್ಪೋರ್ಟ್ಸ್ ಅರೀನಾ ಎದ್ದಿತು. ಅದು ಹಳತಾದಾಗ 2015ರ ಸುಮಾರಿಗೆ ಊರವರೇ ಮತ ಹಾಕಿ, ಮಾರಾಟ ತೆರಿಗೆ ಜಾಸ್ತಿ ಮಾಡಿಕೊಂಡು ಹೊಸದಾಗಿ ಮಾಡಿಸಿದರು. ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡ ಊರು! ಅದೂ ಮುಕ್ಕಾಲುಪಾಲು ಬೇರೆ ರಾಜ್ಯದ ಹುಡುಗರು ಆಡುವ ಆಟಕ್ಕೆ. 2020ರಲ್ಲಿ ಕೋವಿಡ್‌ನಿಂದ ಟೂರ್ನಮೆಂಟ್ ರದ್ದಾಯಿತು. ಆ ಮಾರ್ಚ್ ತಿಂಗಳು ಹೇಗೆ ಕಳೆಯಿತೋ ನೆನಪೇ ಇಲ್ಲ ಅಂದರು ಅಜ್ಜಿ.

ಹಚಿನ್ಸನ್ ಕಾಲೇಜಿನ ತಂಡದ ಬಗ್ಗೆ ಕೇಳಿದೆ. ಅವರು ಮೊದಲು ಹೇಳಿದ ಹೆಸರು ಜೀನ್ ಕೀಡಿ. ಇಲ್ಲೇ ಹತ್ತಿರದ ಲಾರ್ನೆಡ್ ಊರಿನವರು. ಅವರೇ ಗಾರ್ಡನ್ ಸಿಟಿಯ ಜೂನಿಯರ್ ಕಾಲೇಜಿನಲ್ಲಿ ಆಡಿ ಆಮೇಲೆ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದವರು. 1966ರಿಂದ 1974ರವರೆಗೆ ಹಚಿನ್ಸನ್‌ನ ಮುಖ್ಯ ಕೋಚ್. ಆ ಎಂಟು ವರ್ಷದಲ್ಲಿ 187 ಗೆಲುವು, 48 ಸೋಲು. 1973ರಲ್ಲಿ ಫೈನಲ್‌ವರೆಗೆ ಬಂದು ಸೋತರು. ಆಮೇಲೆ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 25 ವರ್ಷ ಕೋಚ್ ಆಗಿದ್ದು ದೇಶಕ್ಕೆಲ್ಲ ಗೊತ್ತಾದರು. 2023ರಲ್ಲಿ ಅವರ ಹೆಸರು ಬಾಸ್ಕೆಟ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ನೈಸ್ಮಿತ್ ಹಾಲ್ ಆಫ್ ಫೇಮ್ ಸೇರಿತು. ಊರವರ ಮಾತಿನಲ್ಲಿ ಅವರು ಇನ್ನೂ "ನಮ್ಮ ಕೀಡಿ".

ಕೀಡಿ ಕಾಲದಲ್ಲಿ ಕೈತಪ್ಪಿದ ಕಪ್ ಕೊನೆಗೆ 1988ರಲ್ಲಿ ಬಂತು. ಮತ್ತೆ 1994ರಲ್ಲಿ, ಮತ್ತೆ 2017ರಲ್ಲಿ. ಮೂರೂ ಸಲ ಸ್ವಂತ ಊರಲ್ಲೇ. 2017ರ ಮಾತು ಬಂದಾಗ ಅಜ್ಜಿ ಸ್ವಲ್ಪ ಹೊತ್ತು ಮಾತು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು.

ಇಲ್ಲಿ ನನಗೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿತು. ಈ ಕಾಲೇಜುಗಳಲ್ಲಿ ಒಬ್ಬ ಆಟಗಾರ ಇರುವುದೇ ಎರಡು ವರ್ಷ. ಚೆನ್ನಾಗಿ ಆಡಿದಷ್ಟೂ ಬೇಗ ಹೋಗುತ್ತಾನೆ. ಕಡೀಂ ಆ್ಯಲನ್ ಇಲ್ಲಿ ಆಡಿ 2014ರಲ್ಲಿ ದೇಶದ ಅತ್ಯುತ್ತಮ ಜೂಕೋ ಆಟಗಾರ ಅನ್ನಿಸಿಕೊಂಡ. ಆಮೇಲೆ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಹೋದ, ಅಲ್ಲಿಂದ ವೃತ್ತಿಪರರ ಲೀಗ್ ಎನ್‌ಬಿಎಗೆ. ಟಿವಿಯಲ್ಲಿ ಅವನನ್ನು ನೋಡುವವರು ಅರಿಜೋನಾ ಅಂತಲೇ ಹೇಳುತ್ತಾರೆ. ದೊಡ್ಡ ವಿಶ್ವವಿದ್ಯಾಲಯದ ಚರಿತ್ರೆ ಬರೆಯಬೇಕಾದರೆ ಆಟಗಾರರ ಹೆಸರು ಸಾಕು. ಜೂಕೋ ಚರಿತ್ರೆ ಹಾಗೆ ಬರೆಯಲು ಬರುವುದಿಲ್ಲ. ಹುಡುಗರು ಬಂದು ಹೋಗುತ್ತಾರೆ. ಅಲ್ಲೇ ಉಳಿದವರು ಟಿಕೆಟ್ ಹರಿಯುವ ಮಾಜಿ ಸೈನಿಕರು, ಪಾಪ್‌ಕಾರ್ನ್ ಮಾಡುವ ಹೆಂಗಸರು, ಈ ಅಜ್ಜಿ. ಚರಿತ್ರೆ ಇರುವುದು ಇವರ ಹತ್ತಿರ.

ಇವರ ನೆನಪಿನಲ್ಲಿ ಬೇರೆ ಊರಿನ ತಂಡಗಳೂ ಇವೆ. 1970ರಲ್ಲಿ ಇಂಡಿಯಾನಾದ ವಿನ್ಸೆನ್ಸ್ ಗೆದ್ದಾಗ ಆ ತಂಡದಲ್ಲಿ ಬಾಬ್ ಮ್ಯಾಕಡೂ ಇದ್ದರು. ಮುಂದೆ 1975ರಲ್ಲಿ ಎನ್‌ಬಿಎ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ ಆದವರು. ಆ ಕಾಲದಲ್ಲಿ ದಕ್ಷಿಣದ ಅನೇಕ ದೊಡ್ಡ ವಿಶ್ವವಿದ್ಯಾಲಯಗಳು ಕಪ್ಪು ಹುಡುಗರಿಗೆ ಬಾಗಿಲು ತೆರೆದು ಹೆಚ್ಚು ದಿನ ಆಗಿರಲಿಲ್ಲ. ಅಂಥ ಎಷ್ಟೋ ಹುಡುಗರಿಗೆ ಜೂಕೋ ಒಂದೇ ದಾರಿ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಅಜ್ಜಿ ಹೇಳಿದ್ದು 1982ರ ಫೈನಲ್ ಕತೆ. ಟೆಕ್ಸಸ್‌ನ ಮಿಡ್‌ಲ್ಯಾಂಡ್ ಕಾಲೇಜು, ಎದುರಿಗೆ ಒಂದೂ ಆಟ ಸೋಲದೆ ಬಂದಿದ್ದ ಮಯಾಮಿ-ಡೇಡ್ ನಾರ್ತ್. ಮಿಡ್‌ಲ್ಯಾಂಡ್‌ನಲ್ಲಿ ಸ್ಪಡ್ ವೆಬ್ ಅನ್ನೋ ಹುಡುಗ, ಎತ್ತರ ಬರೀ ಐದು ಅಡಿ ಏಳು ಇಂಚು. ಬೇರೆ ಹುಡುಗರ ಎದೆಗೆ ಬರುತ್ತಿದ್ದ. ಆಟ ಸಮ, ಹೆಚ್ಚುವರಿ ಸಮಯ, ಮತ್ತೆ ಸಮ, ಮತ್ತೆ ಹೆಚ್ಚುವರಿ ಸಮಯ. ವೆಬ್ ಒಬ್ಬನೇ 36 ಪಾಯಿಂಟ್. ಕೊನೆಗೆ 93-88ರಲ್ಲಿ ಮಿಡ್‌ಲ್ಯಾಂಡ್ ಗೆದ್ದಿತು. ನಾಲ್ಕು ವರ್ಷದ ನಂತರ ಅದೇ ವೆಬ್ ಎನ್‌ಬಿಎ ಡಂಕ್ ಸ್ಪರ್ಧೆ, ಅಂದರೆ ಮೇಲಕ್ಕೆ ಹಾರಿ ಚೆಂಡನ್ನು ಬುಟ್ಟಿಗೆ ತುರುಕುವ ಸ್ಪರ್ಧೆ ಗೆದ್ದಾಗ ದೇಶವೆಲ್ಲ ಬಾಯಿ ಬಿಟ್ಟು ನೋಡಿತು. "ನಮಗೆ ಮೊದಲೇ ಗೊತ್ತಿತ್ತು" ಅಂದರು ಅಜ್ಜಿ. ಈ ಟೂರ್ನಮೆಂಟ್‌ನಲ್ಲಿ ಚೆನ್ನಾಗಿ ಆಡಿದ ಕುಳ್ಳ ಆಟಗಾರನಿಗೇ ಅಂತ ಬಡ್ ಓಬಿ ಹೆಸರಿನ ಒಂದು ಪ್ರಶಸ್ತಿ ಇದೆ. ಮೈಸೂರಿನ ಕೋರ್ಟಿನಲ್ಲಿ ಎಲ್ಲರಿಗಿಂತ ಕುಳ್ಳನಾಗಿದ್ದವನು ನಾನು. ಅದನ್ನು ಕೇಳಿ ಎಷ್ಟು ಖುಷಿಯಾಯಿತು ಅಂತ ಹೇಗೆ ಹೇಳಲಿ!

ಮಧ್ಯಾಹ್ನ ಊಟದ ಸಾಲಿನಲ್ಲಿ ಬೆಳಗ್ಗೆ ಸೋತ ತಂಡದ ಒಬ್ಬ ಹುಡುಗ ನನ್ನ ಮುಂದೆ ನಿಂತಿದ್ದ. ಎಡ ಮಣಿಕಟ್ಟಿಗೆ ಐಸ್ ಕಟ್ಟಿಕೊಂಡಿದ್ದ. ಚೆನ್ನಾಗಿ ಆಡಿದೆ ಅಂದೆ. ಥ್ಯಾಂಕ್ಸ್ ಅಂದ. ಸುಮ್ನೆ ಕೇಳಿದೆ, ಮುಂದೇನು ಅಂತ. ಹೈಸ್ಕೂಲ್‌ನಲ್ಲಿ ಅಂಕ ಕಡಿಮೆ ಇದ್ದವು, ಅದಕ್ಕೇ ಜೂಕೋಗೆ ಬಂದೆ ಅಂದ. ಈಗ ಅಂಕ ಸರಿ ಹೋಗಿವೆ. ಎರಡನೇ ವರ್ಷವೂ ಮುಗಿಯುತ್ತಿದೆ. ಆದರೆ ದೊಡ್ಡ ಕಾಲೇಜುಗಳ ಕೋಚ್‌ಗಳಿಂದ ಫೋನ್ ಬರುತ್ತಿಲ್ಲ.

ಯಾಕೆ ಬರುತ್ತಿಲ್ಲ ಅಂತ ಗೆಳೆಯ ಆಮೇಲೆ ವಿವರಿಸಿದ. ಮೊದಲೆಲ್ಲ ದೊಡ್ಡ ಕಾಲೇಜುಗಳ ಕೋಚ್‌ಗಳು ಹಚಿನ್ಸನ್‌ಗೆ ಬಂದು ಸಾಲಾಗಿ ಕೂತು ಹುಡುಗರನ್ನು ಆರಿಸುತ್ತಿದ್ದರು. ಈಗ ಟ್ರಾನ್ಸ್‌ಫರ್ ಪೋರ್ಟಲ್ ಇದೆ, ಕಾಲೇಜು ಬದಲಿಸಬೇಕು ಅನ್ನುವ ಆಟಗಾರರ ಆನ್‌ಲೈನ್ ಪಟ್ಟಿ. ನಾಲ್ಕು ವರ್ಷದ ಕಾಲೇಜಿನ ಆಟಗಾರರೇ ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ. ಕೋಚ್‌ಗಳಿಗೆ ಅನುಭವ ಇರುವ ಹುಡುಗ ಅಲ್ಲೇ ಸಿಗುವಾಗ ಜೂಕೋ ಕಡೆ ತಿರುಗುವ ಅಗತ್ಯ ಕಡಿಮೆಯಾಗಿದೆ. ಇನ್ನೊಂದು ಕಡೆಯಿಂದ ಒಂದು ಬಾಗಿಲು ತೆರೆದಿದೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಡಿಯೇಗೊ ಪಾವಿಯಾ ನ್ಯಾಯಾಲಯಕ್ಕೆ ಹೋಗಿ, ಕಾಲೇಜಿನಲ್ಲಿ ಇಷ್ಟೇ ವರ್ಷ ಆಡಬಹುದು ಅನ್ನುವ ಎನ್‌ಸಿಎಎ ಮಿತಿಗೆ ಜೂಕೋದಲ್ಲಿ ಆಡಿದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ವಾದಿಸಿ ಇನ್ನೊಂದು ವರ್ಷ ಆಡುವ ಅವಕಾಶ ಪಡೆದ. ಅದು ಜೂಕೋ ಹುಡುಗರಿಗೆ ಒಳ್ಳೆಯದೇ. ಆದರೆ ವಕೀಲರನ್ನು ಹಿಡಿಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಅಲ್ವಾ? ನನ್ನ ಮಟ್ಟಿಗೆ, ಹದಿನೆಂಟು ವರ್ಷಕ್ಕೆ ಎಡವಿದ ಹುಡುಗನಿಗೆ ಇಪ್ಪತ್ತಕ್ಕೆ ಮತ್ತೊಮ್ಮೆ ನೋಡುವ ಕಣ್ಣು ಬೇಕು. ಆ ಕಣ್ಣು ಮುಚ್ಚಿದರೆ ಆಟಕ್ಕೆ ನಷ್ಟ. ಆ ಹುಡುಗನಿಗೆ ಅದಕ್ಕಿಂತ ದೊಡ್ಡ ನಷ್ಟ. ನಮ್ಮ ಕಡೆ ಪಿಯುಸಿಯಲ್ಲಿ ಒಂದು ಅಂಕಪಟ್ಟಿ ಕೆಟ್ಟರೆ ಆಟವೂ ಹೋಯಿತು, ಕಾಲೇಜೂ ಹೋಯಿತು ಅನ್ನುವ ಸ್ಥಿತಿಯಲ್ಲಿ ನನ್ನ ಜೊತೆ ಆಡಿದ ಇಬ್ಬರು ಮೂವರು ಕಳೆದುಹೋದರು. ಅವರಲ್ಲೊಬ್ಬ ನನಗಿಂತ ಎಷ್ಟೋ ಚೆನ್ನಾಗಿ ಆಡುತ್ತಿದ್ದ.

ಬೆಳಗ್ಗೆಯಿಂದ ರಾತ್ರಿವರೆಗೆ ಒಂದರ ಹಿಂದೆ ಒಂದು ಆಟ. 24 ತಂಡ, ವಾರವಿಡೀ. ಸಂಜೆ ಹೊತ್ತಿಗೆ ಕೆಲಸ ಮುಗಿಸಿದವರು ಮಕ್ಕಳನ್ನು ಕರೆದುಕೊಂಡು ಬಂದರು, ಸ್ಟ್ಯಾಂಡ್ ಇನ್ನಷ್ಟು ತುಂಬಿತು. ಕ್ಯಾನ್ಸಸ್‌ನ ಒಂದು ಕಾಲೇಜು ಆಡಲು ಇಳಿದಾಗ ಸದ್ದಿಗೆ ಪಕ್ಕದವರ ಮಾತು ಕೇಳಲಿಲ್ಲ. 1962ರಲ್ಲಿ ಕಾಫಿವಿಲ್ ಕಾಲೇಜು 32 ಆಟದಲ್ಲಿ ಒಂದೂ ಸೋಲದೆ ಕಪ್ ಹೊತ್ತ ಸೀಸನ್ ಬಗ್ಗೆ ಹಿಂದಿನ ಸಾಲಿನ ಒಬ್ಬರು ನಿನ್ನೆ ನಡೆದಂತೆ ಹೇಳುತ್ತಿದ್ದರು. 2021ರಲ್ಲಿ ಅದೇ ಕಾಫಿವಿಲ್ ಮತ್ತೆ ಗೆದ್ದಾಗಲೂ ಅವರು ಅಲ್ಲಿದ್ದರಂತೆ.

ಹೊರಡುವಾಗ ಅಜ್ಜಿ ತಮ್ಮ ಅಂಕದ ಹಾಳೆ ತೋರಿಸಿದರು. ಬೆಳಗಿನ ಆಟದ ಪಟ್ಟಿಯಲ್ಲಿ ಐಸ್ ಕಟ್ಟಿಕೊಂಡ ಆ ಹುಡುಗನ ಹೆಸರಿನ ಪಕ್ಕ ಒಂದು ಸಣ್ಣ ನಕ್ಷತ್ರ ಹಾಕಿದ್ದರು. ಇವನನ್ನು ಗಮನದಲ್ಲಿಡು ಅಂದರು. ಇಟ್ಟೆ. ಮೇ ತಿಂಗಳಲ್ಲಿ ಅವನ ಕಾಲೇಜಿನ ಸುದ್ದಿಯಲ್ಲಿ ಹೆಸರು ಬಂತು. ಮಿಸೌರಿಯ ಒಂದು ನಾಲ್ಕು ವರ್ಷದ ಕಾಲೇಜಿಗೆ ಸಹಿ ಹಾಕಿದ್ದ, ಪೂರ್ತಿ ಸ್ಕಾಲರ್‌ಶಿಪ್. ಮುಂದಿನ ಮಾರ್ಚ್‌ಗೆ ನಾನು ಈಗಲೇ ರಜೆ ಕೇಳಿದ್ದೇನೆ. ಹೋದ ತಕ್ಷಣ ಅಜ್ಜಿಗೆ ಈ ಸುದ್ದಿ ಹೇಳಬೇಕು, ಅವರಿಗೆ ಆಗಲೇ ಗೊತ್ತಿದ್ದರೂ ಸರಿ.