ಫ್ರಿಜ್ಜಿನ ಬಾಟಲಿ, ಕಲ್ಲಾದ ಪೊರೆ

ಡೊಂಬಿವಲಿಯಲ್ಲಿ ಅವತ್ತಿನ ಎರಡನೇ ಕೇಸು ಮಾಟುಂಗದ ಹೋಟೆಲಿನಲ್ಲಿ ದುಡಿದು ನಿವೃತ್ತರಾದ ಉಡುಪಿ ಕಡೆಯ ಹಿರಿಯರದು. ಕಣ್ಣಿನ ಪೊರೆಯ ಆಪರೇಷನ್; ಪೊರೆ ಕಂದುಬಣ್ಣಕ್ಕೆ ತಿರುಗಿ ಕಲ್ಲಾಗಿತ್ತು. ಇಂಥದ್ದಕ್ಕೆಂದೇ ಸಿಸ್ಟರ್ ಕಣ್ಣೊಳಗೆ ಹರಿಸುವ ಉಪ್ಪುನೀರಿನ, 500 ಮಿ.ಲೀ. ಬಿಎಸ್‌ಎಸ್ ಬಾಟಲಿಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ, 4 ಡಿಗ್ರಿಯ ಆಸುಪಾಸಿನಲ್ಲಿ, ಇಟ್ಟಿದ್ದರು. ಫ್ರೀಜರಿನಲ್ಲಂತೂ ಇಡಲೇಬಾರದು. ಹೊರಗೆ ತೆಗೆಯುವುದು ರೋಗಿಗೆ ಬಟ್ಟೆ ಹೊದಿಸಿದ ಮೇಲೆ; ಮುಂಬೈ ಸೆಕೆಯಲ್ಲಿ ಬಾಟಲಿ ಬೇಗ ಬೆವರುತ್ತದೆ, ಕೊಳವೆಯುದ್ದಕ್ಕೂ ನೀರು ಬಿಸಿಯಾಗುತ್ತಲೇ ಬರುತ್ತದೆ.

"ಐಸ್ ನೀರಾ ಡಾಕ್ಟ್ರೇ? ತಂಪಾಯ್ತು ಮಾರಾಯ್ರೆ" ಅಂದರು ಹಿರಿಯರು. ತಂಪು ನರದ ಸಂವೇದನೆಯನ್ನು ಮಂದ ಮಾಡುತ್ತದೆ, ರಕ್ತನಾಳವನ್ನು ಕುಗ್ಗಿಸುತ್ತದೆ. ಮರುದಿನದ ಕೆಂಪು ಕಡಿಮೆಯಾದೀತು. ಹಾಗಂತ ಮರಗಟ್ಟುವ ಹನಿಯನ್ನು ಬಿಡುವಂತಿಲ್ಲ. ಮೆತ್ತನೆಯ ಪೊರೆಗೆ ಈ ಫ್ರಿಜ್ಜಿನ ಉಸಾಬರಿಯೇ ಬೇಡ.

ಪೊರೆಯನ್ನು ಅಲ್ಟ್ರಾಸೌಂಡಿನಿಂದ ಪುಡಿಮಾಡಿ ಹೀರುವ ಫೇಕೋ ಸೂಜಿ ಸೆಕೆಂಡಿಗೆ ಸುಮಾರು 40,000 ಸಲ ಅದುರುತ್ತದೆ. ಅದನ್ನು ತಣ್ಣಗಿಡುವುದು ಸುತ್ತಲಿನ ಸಿಲಿಕಾನ್ ತೋಳಿನೊಳಗೆ ಹರಿಯುವ ನೀರು. ಹರಿವು ನಿಂತರೆ ಫ್ರಿಜ್ಜಿನ ನೀರಿದ್ದೂ ಪ್ರಯೋಜನವಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಕೊಲಾಜನ್ ನಾರು 60 ಡಿಗ್ರಿಯ ಹೊತ್ತಿಗೆ ಮುದುಡುತ್ತದೆ. ಸೂಜಿ ಒಳಹೋಗುವ ಸೀಳು ಬೆಳ್ಳಗಾಗಿ ಬಾಯಿ ಬಿಡುತ್ತದೆ. ಹೊಲಿದರೂ ಸೋರುತ್ತದೆ, ಕಾರ್ನಿಯಾ ಸೊಟ್ಟಗಾಗಿ ನೋಟ ಮಸುಕಾಗುವ ಅಸ್ಟಿಗ್ಮ್ಯಾಟಿಸಂ ಗಂಟುಬೀಳುತ್ತದೆ.

ಅವತ್ತು ಆದದ್ದೂ ಅದೇ ಜಾಡಿನದು. ಪೊರೆಯಲ್ಲಿ ಮೊದಲ ಕಾಲುವೆ ಕೊರೆಯುವಾಗ ಸೂಜಿಯ ತುದಿಯಲ್ಲಿ ಹಾಲಿನಂಥ ಬಿಳಿ ಮಬ್ಬು ಎದ್ದಿತು. ಪೊರೆಯ ಪುಡಿ ಒಳಗೆ ಎಳೆಯಲ್ಪಡದೆ ಅಲ್ಲೇ ನಿಂತಿದೆ ಎಂದರ್ಥ. ಬಿಸಿಗೆ ಮೊದಲು ಬರುವ ಎಚ್ಚರಿಕೆ ಅದು. ಪೆಡಲಿನಿಂದ ತಕ್ಷಣ ಕಾಲು ತೆಗೆದು, ಸೂಜಿ ಹೊರಗೆಳೆದು ನೋಡಿದರೆ ಬಾಟಲಿಯಲ್ಲಿ ನೀರಿತ್ತು, ಕೊಳವೆ ಮಡಚಿರಲಿಲ್ಲ, ಸೀಳು ತೋಳನ್ನು ಹಿಸುಕುವಷ್ಟು ಬಿಗಿಯೂ ಇರಲಿಲ್ಲ. ಸೂಜಿಯ ಬಾಯಲ್ಲಿ ಮಂದ ವಿಸ್ಕೋ, ಅಂದರೆ ಕಣ್ಣೊಳಗೆ ಜಾಗ ಉಳಿಸಲು ತುಂಬುವ ಜೆಲ್, ಬೆಣೆಯಂತೆ ಕೂತಿತ್ತು. ಹೊರಗೇ ಫ್ಲಶ್ ಮಾಡಿ, ಸೂಜಿಯ ತುದಿಗೆ ತೊಡಿಸುವ ಪುಟ್ಟ ರಬ್ಬರ್ ಟೋಪಿ, ಟೆಸ್ಟ್ ಛೇಂಬರ್, ತುಂಬಿಸಿ, ಹರಿವು ಖಾತ್ರಿಯಾದ ಮೇಲೆ ಮತ್ತೆ ಒಳಕ್ಕೆ.

ಇದಕ್ಕೆ ಮದ್ದು ಸುಲಭ, ಅವಸರದಲ್ಲಿ ಮರೆಯುವುದೂ ಸುಲಭ. ಅಲ್ಟ್ರಾಸೌಂಡಿಗೆ ಮೊದಲು ಪೆಡಲಿನ ಎರಡನೇ ಹಂತದಲ್ಲೇ, ಬರೀ ಹೀರುವಲ್ಲೇ, ಕೆಲವು ಸೆಕೆಂಡು ನಿಂತು ಪೊರೆಯ ಮೇಲಿನ ವಿಸ್ಕೋ ಹೀರಿ ದಾರಿ ಮಾಡಿಕೊಳ್ಳಬೇಕು. ಅಲ್ಟ್ರಾಸೌಂಡಿನ ಮೂರನೇ ಹಂತ ಆಮೇಲೆ, ಅದೂ ಬಿಟ್ಟುಬಿಟ್ಟು ಬಡಿಯುವ ಪಲ್ಸ್ ಮೋಡಿನಲ್ಲಿ.

ಸೀಳಿನ ಅಂಚು ಕೊನೆಯವರೆಗೂ ಪಾರದರ್ಶಕವಾಗೇ ಉಳಿಯಿತು. ಬದಿಗಳಿಗೆ ಬಿಎಸ್‌ಎಸ್ ತುಂಬಿ ಉಬ್ಬಿಸಿ, ಸ್ಪಂಜಿನಿಂದ ಒತ್ತಿ ನೋಡಿದರೆ ಹನಿಯೂ ಜಿನುಗಲಿಲ್ಲ. ಹೊಲಿಗೆ ಬೇಕಾಗಲಿಲ್ಲ.