ಕೋರ್ಸ್ ಮತ್ತೆ ಮಾಡಿದರೆ ಹಳೆಯ ಗ್ರೇಡ್ ಅಳಿಸಿಹೋಗುತ್ತದೆಯೇ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ತಂದೆತಾಯಂದಿರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆಯೊಂದಿದೆ. ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಬೇಕೆಂದಿರುವ ಮಗಳಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ‘ಸಿ’ ಬಂದಿದೆ; ಅದೇ ಕೋರ್ಸನ್ನು ಇನ್ನೊಮ್ಮೆ ಮಾಡಿ ‘ಎ’ ತೆಗೆದರೆ ಜಿಪಿಎ, ಅಂದರೆ ಎಲ್ಲ ಗ್ರೇಡುಗಳ ಸರಾಸರಿ, ಸರಿಹೋಗುತ್ತದೆಯೇ? ತುಸು ಏರುತ್ತದೆ, ಆದರೆ ಹಳೆಯ ‘ಸಿ’ ಎಲ್ಲಿಗೂ ಹೋಗುವುದಿಲ್ಲ.

ಈ ಉತ್ತರ ನಮ್ಮವರಿಗೆ ಅನ್ಯಾಯವೆನಿಸುವುದು ಸಹಜ. ನೀಟ್ ಮತ್ತೆ ಬರೆದವರಿಗೆ ಆ ವರ್ಷದ ಅಂಕವಷ್ಟೇ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕದ ಪಿಯುಸಿಯಲ್ಲಂತೂ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಅಮೆರಿಕದ ಎಂ.ಡಿ. ಶಾಲೆಗಳ ಅರ್ಜಿಗಳನ್ನು ನಿರ್ವಹಿಸುವ ಆಮ್ಕಾಸ್ ಮಾತ್ರ ಎರಡೂ ಸಲದ ಗ್ರೇಡುಗಳನ್ನು ಸೇರಿಸಿಯೇ ಜಿಪಿಎ ಕಟ್ಟುತ್ತದೆ. ಮಗಳ ಕಾಲೇಜು ‘ಗ್ರೇಡ್ ಫರ್ಗಿವ್‌ನೆಸ್’ ನಿಯಮದಡಿ ಹಳೆಯದನ್ನು ಕೈಬಿಟ್ಟಿದ್ದರೂ ಆಮ್ಕಾಸ್ ಬಿಡುವುದಿಲ್ಲವಾದ್ದರಿಂದ, ಕಾಲೇಜಿನ ದಾಖಲೆಯಲ್ಲಿರುವ ಜಿಪಿಎ ಒಂದು, ಅರ್ಜಿಯಲ್ಲಿ ಕಾಣುವುದು ಇನ್ನೊಂದು ಆಗುತ್ತದೆ. ಎಂ.ಡಿ. ಬದಲು ಡಿ.ಒ. ಎಂಬ ವೈದ್ಯ ಪದವಿ ನೀಡುವ ಆಸ್ಟಿಯೋಪಥಿಕ್ ಶಾಲೆಗಳ ಅರ್ಜಿಗಳನ್ನು ನೋಡಿಕೊಳ್ಳುವ ಆಕೋಮಾಸ್ ಹಿಂದೆ ಹೊಸ ಗ್ರೇಡನ್ನಷ್ಟೇ ಪರಿಗಣಿಸುತ್ತಿತ್ತು; 2017ರಲ್ಲಿ ಅದೂ ನಿಂತಿತು. ಹಳೆಯ ಸಲಹೆಗಳನ್ನು ಓದಿ ಅದನ್ನೇ ನಂಬಿ ಕುಳಿತವರು ಇಂದಿಗೂ ಸಿಗುತ್ತಾರೆ.

ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. 120 ಕ್ರೆಡಿಟ್‌ಗಳಿಗೆ 3.40 ಜಿಪಿಎ ಇದ್ದರೆ ಒಟ್ಟು ಗ್ರೇಡ್ ಪಾಯಿಂಟ್ 408. ನಾಲ್ಕು ಕ್ರೆಡಿಟ್‌ನ ಕೋರ್ಸನ್ನು ಮತ್ತೆ ಮಾಡಿ ‘ಎ’ ತೆಗೆದರೆ ಕ್ರೆಡಿಟ್‌ಗೆ ನಾಲ್ಕರಂತೆ 16 ಪಾಯಿಂಟ್ ಸೇರಿ, 424ನ್ನು 124ರಿಂದ ಭಾಗಿಸಿದಾಗ ಬರುವುದು 3.42. ಮತ್ತೆ ಮಾಡಿದಾಗ ‘ಬಿ’ (ಕ್ರೆಡಿಟ್‌ಗೆ ಮೂರು ಪಾಯಿಂಟ್) ಬಂದರೆ 3.39, ಅಂದರೆ ‘ಸಿ’ ಇದ್ದಲ್ಲಿ ‘ಬಿ’ ಪಡೆದ ಮೇಲೂ ಒಟ್ಟು ಜಿಪಿಎ ಇಳಿದಿರುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತಗಳಿಗೆ ಆಮ್ಕಾಸ್ ಬೇರೆಯಾಗಿ ಕಟ್ಟುವ ವಿಜ್ಞಾನ ಜಿಪಿಎಯಲ್ಲಿ ಕ್ರೆಡಿಟ್‌ಗಳು ಕಡಿಮೆ ಇರುವುದರಿಂದ ಏರಿಕೆ ತುಸು ಹೆಚ್ಚು: 50 ಕ್ರೆಡಿಟ್‌ಗಳ 3.20 ಇದ್ದದ್ದು ಒಂದು ‘ಎ’ಯಿಂದ 3.26 ಆಗುತ್ತದೆ.

ಹೆಚ್ಚಿನವರು ಗಮನಿಸದ ಸಂಗತಿಯೂ ಇದೇ ಲೆಕ್ಕದಲ್ಲಿದೆ. ಅದೇ ನಾಲ್ಕು ಕ್ರೆಡಿಟ್‌ಗಳಿಗೆ ಬಯೋಕೆಮಿಸ್ಟ್ರಿ ಓದಿ ‘ಎ’ ತೆಗೆದರೂ ಬರುವುದು ಅದೇ 3.42, ಅದೇ 3.26. ಹಳೆಯ ಗ್ರೇಡ್ ಅಳಿಯದಿದ್ದ ಮೇಲೆ ರೀಟೇಕ್‌ಗೆ ಅಂಕಗಣಿತದ ಯಾವ ವಿಶೇಷ ಲಾಭವೂ ಇಲ್ಲ. ಆದ್ದರಿಂದ ‘ಸಿ’ ಬಂದಿದ್ದರೆ, ಅದನ್ನು ಒಪ್ಪುವ ಶಾಲೆಗಳಿಗೆ ಅರ್ಜಿ ಹಾಕುವವರು ಮೇಲಿನ ಹಂತದ ಕೋರ್ಸಿಗೆ ಹೋಗಿ ಚೆನ್ನಾಗಿ ಮಾಡುವುದು ಲೇಸೆಂದು ನನ್ನ ಅಭಿಪ್ರಾಯ. ಹಿಂದೆ ಕಷ್ಟವಾದ ವಿಷಯ ಈಗ ಕೈಹತ್ತಿದೆ ಎಂಬುದಕ್ಕೆ ಕಠಿಣ ಕೋರ್ಸಿನ ‘ಎ’ ಹೆಚ್ಚು ಗಟ್ಟಿಯಾದ ಸಾಕ್ಷಿ. ‘ಸಿ ಮೈನಸ್’ ಅಥವಾ ಅದಕ್ಕಿಂತ ಕೆಳಗಿನ ಗ್ರೇಡ್ ಬಂದಿದ್ದರೆ ಮಾತು ಬೇರೆ. ಅನೇಕ ಶಾಲೆಗಳು ಅದನ್ನು ಪ್ರಿರಿಕ್ವಿಸಿಟ್ (ಪ್ರವೇಶಕ್ಕೆ ಮೊದಲೇ ಮುಗಿಸಿರಬೇಕಾದ ಕೋರ್ಸು) ಪೂರೈಸಿದಂತೆ ಎಣಿಸುವುದಿಲ್ಲ. ಅಲ್ಲಿ ಜಿಪಿಎ ಏರಲಿ ಬಿಡಲಿ, ಮತ್ತೆ ಮಾಡಲೇಬೇಕು. ವಿಷಯದ ಬುನಾದಿಯೇ ಸಡಿಲವಾಗಿದ್ದರೂ ಹಾಗೆಯೇ, ಏಕೆಂದರೆ ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಅದನ್ನು ಹುಡುಕಿ ತೆಗೆಯುತ್ತದೆ.

ಟೆಕ್ಸಾಸ್ ನಿವಾಸಿಗಳಿಗೆ ಒಂದು ವಿನಾಯಿತಿಯಿದೆ. ‘ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್’ ಎಂಬ ಅಲ್ಲಿನ ಕಾನೂನಿನಡಿ, ಆ ರಾಜ್ಯದ ಸಾರ್ವಜನಿಕ ಸಂಸ್ಥೆಗಳಿಗೆ ಅರ್ಜಿ ಹಾಕುವವರು 10 ವರ್ಷಕ್ಕಿಂತ ಹಳೆಯ ಕೋರ್ಸುಗಳನ್ನು ಲೆಕ್ಕದಿಂದ ಬಿಡಿಸಬಹುದು. ಆದರೆ ಒಳ್ಳೆಯ ಗ್ರೇಡುಗಳೂ ಜೊತೆಗೇ ಹೋಗುತ್ತವೆ. ಭಾರತದಲ್ಲಿ ಬಿ.ಎಸ್ಸಿ. ಮುಗಿಸಿ ಬಂದವರ ಅಂಕಗಳನ್ನು, ಅಮೆರಿಕದ ಅಥವಾ ಕೆನಡಾದ ಕಾಲೇಜೊಂದು ಕ್ರೆಡಿಟ್ ಆಗಿ ಒಪ್ಪಿಕೊಳ್ಳದ ಹೊರತು, ಆಮ್ಕಾಸ್ ಜಿಪಿಎಗೆ ಸೇರಿಸುವುದೇ ಇಲ್ಲ. ಅವರು ಕೆಮಿಸ್ಟ್ರಿಯನ್ನು ಇಲ್ಲಿ ಎರಡನೆಯ ಸಲ ಓದಿದರೂ ಲೆಕ್ಕಕ್ಕೆ ಅದೇ ಮೊದಲನೆಯದು.